ಪವರ್ ಸೀಟ್: ಕಾರಿನ ವಿದ್ಯುತ್ ಚಾಲಿತ ಆಸನದ ದೋಷಗಳು, ಪತ್ತೆ ಮತ್ತು ದುರಸ್ತಿ

ಕಾರಿನ ಮುಂದಿನ ಆಸನವನ್ನು ಕೈಬಲದ ಬದಲು ಸಣ್ಣ ಮೋಟಾರುಗಳಿಂದ ಹಿಂದಕ್ಕೂ ಮುಂದಕ್ಕೂ ಸರಿಸುವ, ಮೇಲೆತ್ತುವ, ಕೆಳಗಿಳಿಸುವ ಮತ್ತು ಬೆನ್ನೊರಗನ್ನು ಬಾಗಿಸುವ ವ್ಯವಸ್ಥೆಯನ್ನು ಪವರ್ ಸೀಟ್ ಎನ್ನುತ್ತಾರೆ. ಸೀಟಿನ ಪಕ್ಕದಲ್ಲಿ ಅಥವಾ ಬಾಗಿಲಿನ ಮೇಲೆ ಇರುವ ಸ್ವಿಚ್ಚನ್ನು ಒತ್ತಿದಾಗ ಬ್ಯಾಟರಿಯ ವಿದ್ಯುತ್ತು ಮೋಟಾರಿಗೆ ಹರಿದು, ಹಲ್ಲುಚಕ್ರ ಮತ್ತು ತಿರುಪು ದಂಡದ ಮೂಲಕ ಆಸನ ಚಲಿಸುತ್ತದೆ. ಸನ್ನೆಕೋಲನ್ನು ಎತ್ತಿ ಸೀಟು ಜರುಗಿಸುವ ಹಳೆಯ ಕ್ರಮದಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಪವರ್ ಸೀಟಿನಲ್ಲಾದರೋ ಫ್ಯೂಸು, ತಂತಿ, ಕಪ್ಲರು, ಸ್ವಿಚ್ಚು, ಮೋಟಾರು, ಅರ್ತಿಂಗ್ ಇವುಗಳಲ್ಲಿ ಯಾವುದೊಂದು ಕೆಟ್ಟರೂ ಆಸನ ಇದ್ದಲ್ಲಿಯೇ ನಿಂತುಬಿಡುತ್ತದೆ.

ಪವರ್ ಸೀಟು ನಿಂತಾಗ ಮೊದಲು ಮೋಟಾರಿನ ಮೇಲೆ ಅನುಮಾನ ಪಡುವುದು ಸಾಮಾನ್ಯವಾಗಿದ್ದರೂ, ದೋಷವು ಅನೇಕ ಸಲ ಮೋಟಾರಿಗೆ ವಿದ್ಯುತ್ತು ಹೋಗುವ ಮತ್ತು ಅಲ್ಲಿಂದ ಮರಳುವ ದಾರಿಯಲ್ಲಿ ಇರುತ್ತದೆ. ಆ ದಾರಿಯನ್ನು ಕ್ರಮವಾಗಿ ಪರೀಕ್ಷಿಸದೆ ಬಿಡಿಭಾಗ ಬದಲಿಸಲು ಹೊರಟರೆ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಸೀಟಿನೊಳಗೇ ಇರುವ ಏರ್‌ಬ್ಯಾಗಿನಂತಹ ಜೀವರಕ್ಷಕ ಸಾಧನಗಳಿಗೂ ಧಕ್ಕೆಯಾಗಬಹುದು. ಈ ಲೇಖನವು ಪತ್ತೆಯ ಕ್ರಮವನ್ನು ವಿವರಿಸುವುದರೊಂದಿಗೆ, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ಮುತ್ತತ್ತಿಯಂತಹ ಸ್ಥಳಕ್ಕೆ ಹೋಗಿ ಬರುವ ಕಾರುಗಳಿಗೆ ನೀರು, ಧೂಳು ಮುಂತಾದವುಗಳಿಂದ ಒದಗುವ ತೊಂದರೆಗಳನ್ನು ನಿದರ್ಶನವಾಗಿ ಪರಿಶೀಲಿಸುತ್ತದೆ.

ಬೆಳೆದು ಬಂದ ಬಗೆ

ಆಸನವನ್ನು ಯಂತ್ರಬಲದಿಂದ ಸರಿಸುವ ಪ್ರಯತ್ನ ಅಮೆರಿಕದ ದುಬಾರಿ ಕಾರುಗಳಲ್ಲಿ 1940ರ ದಶಕದಲ್ಲಿ ಕಾಣಿಸಿಕೊಂಡಿತು. ಆಗ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ವ್ಯವಸ್ಥೆ ಬಳಕೆಯಲ್ಲಿತ್ತು. ಎಣ್ಣೆ ಸೋರಿ ಒಳಾಂಗಣ ಹಾಳಾಗುವ ತೊಂದರೆಯಿದ್ದುದರಿಂದ 1950ರ ದಶಕದಲ್ಲಿ ವಿದ್ಯುತ್ ಮೋಟಾರು ಅದರ ಸ್ಥಾನವನ್ನು ಪಡೆಯಿತು. ಚಾಲಕ ಒಮ್ಮೆ ಹೊಂದಿಸಿಕೊಂಡ ಸ್ಥಾನವನ್ನು ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೇ ಬರುವ ಸೀಟು 1957ರ ಮರ್ಕ್ಯುರಿ ಮತ್ತು ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. 1979ರಲ್ಲಿ ಹೊರಬಂದ ಮರ್ಸಿಡಿಸ್ ಬೆಂಜ್ ಎಸ್ ಕ್ಲಾಸ್ ಮಾದರಿಯು ಸೀಟಿನದೇ ಆಕಾರದ ಸ್ವಿಚ್ಚನ್ನು ಬಾಗಿಲಿನ ಮೇಲೆ ಅಳವಡಿಸಿ, ಯಾವ ಭಾಗವನ್ನು ಒತ್ತಿದರೆ ಸೀಟಿನ ಯಾವ ಭಾಗ ಚಲಿಸುತ್ತದೆ ಎಂಬುದನ್ನು ನೋಡಿದೊಡನೆ ತಿಳಿಯುವಂತೆ ಮಾಡಿತು.

ಭಾರತದಲ್ಲಿ ಪವರ್ ಸೀಟು ಬಹುಕಾಲ ಐಷಾರಾಮಿ ಕಾರುಗಳಿಗೆ ಸೀಮಿತವಾಗಿತ್ತು. ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ, 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಫಾರ್ಚ್ಯೂನರ್, ಕ್ಯಾಮ್ರಿ ಮತ್ತು ಇನ್ನೋವಾ ಕ್ರಿಸ್ಟಾದ ಮೇಲ್ದರ್ಜೆಯ ಮಾದರಿಗಳಲ್ಲಿ ಈ ಸೌಲಭ್ಯ ಬಂದ ಮೇಲೆ ಅದು ಕರ್ನಾಟಕದ ರಸ್ತೆಗಳಲ್ಲಿ ಪರಿಚಿತವಾಯಿತು. ಆ ಬಳಿಕ ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಮಹೀಂದ್ರ ಎಕ್ಸ್‌ಯುವಿ 700 ಮುಂತಾದ ಮಧ್ಯಮ ಬೆಲೆಯ ಕಾರುಗಳ ಮೇಲ್ದರ್ಜೆಯ ಮಾದರಿಗಳಿಗೂ ಅದು ಇಳಿದುಬಂದುದರಿಂದ, ಹಿಂದೆ ಕಂಪನಿಯ ಸರ್ವಿಸ್ ಸೆಂಟರ್ ಮಾತ್ರ ನೋಡುತ್ತಿದ್ದ ಈ ದೋಷಗಳು ಈಗ ತಾಲ್ಲೂಕು ಕೇಂದ್ರಗಳ ಆಟೋ ಎಲೆಕ್ಟ್ರಿಷಿಯನ್‌ಗಳ ಮುಂದೆಯೂ ಬರತೊಡಗಿವೆ.

ರಚನೆ

ಪವರ್ ಸೀಟನ್ನು ಅದು ಚಲಿಸಬಲ್ಲ ದಿಕ್ಕುಗಳ ಎಣಿಕೆಯಿಂದ ಗುರುತಿಸುತ್ತಾರೆ. ಹಿಂದಕ್ಕೆ-ಮುಂದಕ್ಕೆ ಸರಿಯುವುದು ಎರಡು ದಿಕ್ಕು, ಬೆನ್ನೊರಗು ಬಾಗುವುದು ಎರಡು, ಕೂರುವ ಭಾಗದ ಎತ್ತರ ಏರಿಳಿಯುವುದು ಎರಡು ಎಂದು ಲೆಕ್ಕ ಹಾಕಿದರೆ ಆರು ದಿಕ್ಕಿನ ಸೀಟಾಗುತ್ತದೆ. ಮುಂಭಾಗವೂ ಹಿಂಭಾಗವೂ ಬೇರೆಬೇರೆಯಾಗಿ ಏರಿಳಿದರೆ ಅದು ಎಂಟು ದಿಕ್ಕಿನದು. ಸಾಮಾನ್ಯವಾಗಿ ಪ್ರತಿ ಎರಡು ದಿಕ್ಕಿಗೆ ಒಂದು ಮೋಟಾರು ಇರುತ್ತದೆ. ಸೊಂಟದ ಆಸರೆಗೆ ಪ್ರತ್ಯೇಕ ಮೋಟಾರು ಅಥವಾ ಗಾಳಿಚೀಲ ಇರುವುದುಂಟು.

ಮೋಟಾರು ಶಾಶ್ವತ ಕಾಂತವುಳ್ಳ, 12 ವೋಲ್ಟಿನ ಡಿ.ಸಿ. ಬಗೆಯದು. ಅದರೊಳಗೆ ತಿರುಗುವ ತಾಮ್ರದ ಸುರುಳಿಗೆ ವಿದ್ಯುತ್ತನ್ನು ಮುಟ್ಟಿಸುವ ಬ್ರಷ್ಷುಗಳನ್ನು ಗ್ಯಾರೇಜುಗಳಲ್ಲಿ ಕಾರ್ಬನ್ ಎಂದೇ ಕರೆಯುತ್ತಾರೆ. ಮೋಟಾರಿನ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಲು ವರ್ಮ್ ಗಿಯರ್, ಅಂದರೆ ತಿರುಪಿನಂತಹ ದಂಡವು ಹಲ್ಲುಚಕ್ರವನ್ನು ತಿರುಗಿಸುವ ಜೋಡಣೆ ಇರುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲುದೇ ಹೊರತು ಚಕ್ರವು ತಿರುಪನ್ನು ತಿರುಗಿಸಲಾರದಾದ್ದರಿಂದ, ವಿದ್ಯುತ್ತು ನಿಂತ ಕೂಡಲೇ ಸೀಟು ಇದ್ದಲ್ಲಿ ಭದ್ರವಾಗಿ ನಿಲ್ಲುತ್ತದೆ. ಬ್ರೇಕ್ ಹಾಕಿದಾಗ ಸೀಟು ಜಾರದಿರುವುದು ಈ ಗುಣದಿಂದ. ಮೋಟಾರು ಕೆಟ್ಟಾಗ ಸೀಟನ್ನು ಕೈಯಿಂದ ತಳ್ಳಿ ಸರಿಸಲಾಗದಿರುವುದಕ್ಕೂ ಇದೇ ಕಾರಣ.

ವಿದ್ಯುತ್ತಿನ ದಾರಿ

ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸ್ ಬಾಕ್ಸಿಗೆ ಬಂದು, ಸಾಮಾನ್ಯವಾಗಿ 20ರಿಂದ 30 ಆಂಪಿಯರಿನ ಫ್ಯೂಸನ್ನು ಅಥವಾ ತಣ್ಣಗಾದ ಮೇಲೆ ತಾನೇ ಮತ್ತೆ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರನ್ನು ದಾಟಿ, ಕಾರ್ಪೆಟ್ಟಿನ ಅಡಿಯಲ್ಲಿ ಸಾಗಿ, ಸೀಟಿನ ಕೆಳಗಿನ ಕಪ್ಲರಿಗೆ ತಲಪುತ್ತದೆ. ಕಪ್ಲರ್ ಎಂದರೆ ತಂತಿಗಳ ಎರಡು ಗುಚ್ಛಗಳನ್ನು ಕೂಡಿಸುವ ಪ್ಲಾಸ್ಟಿಕ್ ಜೋಡಣೆ. ತಂತಿಗಳ ಗುಚ್ಛಕ್ಕೆ ಹಾರ್ನೆಸ್ ಎಂದು ಹೆಸರು. ಅಲ್ಲಿಂದ ವಿದ್ಯುತ್ತು ಸ್ವಿಚ್ಚಿಗೂ ಸ್ವಿಚ್ಚಿನಿಂದ ಮೋಟಾರಿಗೂ ಹೋಗಿ, ಮರಳಿ ಸ್ವಿಚ್ಚಿನ ಮೂಲಕವೇ ಕಾರಿನ ಲೋಹದ ಮೈಗೆ ಬೋಲ್ಟು ಹಾಕಿ ಬಿಗಿದ ಅರ್ತ್ ತಂತಿಗೆ ಸೇರುತ್ತದೆ. ಕಾರಿನಲ್ಲಿ ಅರ್ತ್ ಎಂದರೆ ಭೂಮಿಯಲ್ಲ, ಬ್ಯಾಟರಿಯ ಮೈನಸ್ ತುದಿಗೆ ಕೂಡಿದ ಲೋಹದ ಮೈ.

ಸಾಮಾನ್ಯ ಸೀಟಿನ ಸ್ವಿಚ್ಚು ಮೋಟಾರಿನ ಎರಡೂ ತಂತಿಗಳನ್ನು ಸುಮ್ಮನಿರುವಾಗ ಅರ್ತಿಗೆ ಕೂಡಿಸಿಟ್ಟಿರುತ್ತದೆ. ಮುಂದಕ್ಕೆ ಒತ್ತಿದರೆ ಒಂದು ತಂತಿ ಅರ್ತಿನಿಂದ ಬಿಟ್ಟು ಪ್ಲಸ್ಸಿಗೆ ಕೂಡುತ್ತದೆ, ಇನ್ನೊಂದು ಅರ್ತಿನಲ್ಲೇ ಉಳಿಯುತ್ತದೆ. ಹಿಂದಕ್ಕೆ ಒತ್ತಿದರೆ ಇದೇ ವ್ಯವಸ್ಥೆ ಅದಲುಬದಲಾಗುತ್ತದೆ. ಮೋಟಾರಿಗೆ ಬರುವ ವಿದ್ಯುತ್ತಿನ ದಿಕ್ಕು ತಿರುಗಿದಾಗ ಮೋಟಾರೂ ದಿಕ್ಕು ಬದಲಿಸುತ್ತದೆ. ಒಂದೇ ಜೋಡಿ ತಂತಿ ಎರಡೂ ದಿಕ್ಕಿನ ಚಲನೆಗೆ ದುಡಿಯುತ್ತದೆ ಎಂಬ ಈ ಅಂಶವು ದೋಷ ಪತ್ತೆಯಲ್ಲಿ ಬಹಳ ಉಪಯುಕ್ತವಾದುದು. ಅನೇಕ ಕಾರುಗಳಲ್ಲಿ ಈ ವ್ಯವಸ್ಥೆಗೆ ಕೀಲಿಯನ್ನು ಅವಲಂಬಿಸದೆ ಯಾವಾಗಲೂ ವಿದ್ಯುತ್ತು ಇರುವುದರಿಂದ, ಕಾರು ನಿಂತಿರುವಾಗಲೂ ಸೀಟಿನ ಕಪ್ಲರಿನ ಪ್ಲಸ್ ಪಿನ್ನು ಜೀವಂತವಾಗಿರುತ್ತದೆ.

ಕೆಲಸಕ್ಕೆ ಮೊದಲಿನ ಎಚ್ಚರ

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಮತ್ತು ಮುಂದಿನ ಆಸನಗಳ ಸೀಟ್‌ಬೆಲ್ಟ್ ಎಚ್ಚರಿಕೆ ಕಡ್ಡಾಯವಾದವು. ಸುರಕ್ಷತಾ ಸಾಧನಗಳು ಹೀಗೆ ಹೆಚ್ಚಿದ್ದರಿಂದ ಇಂದಿನ ಅನೇಕ ಕಾರುಗಳ ಸೀಟಿನ ಕೆಳಗೆ ಮೋಟಾರಿನ ತಂತಿಗಳ ಜೊತೆಗೆ ಬೆಲ್ಟು ಹಾಕಿದೆಯೇ ಎಂದು ತಿಳಿಸುವ ಸ್ವಿಚ್ಚಿನ ತಂತಿ, ಆಸನದಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಅಳೆಯುವ ಸಂವೇದಕದ ತಂತಿ, ಬದಿಯ ಏರ್‌ಬ್ಯಾಗಿನ ತಂತಿ ಇವೂ ಹಾದುಹೋಗುತ್ತವೆ. ಏರ್‌ಬ್ಯಾಗಿನ ತಂತಿ ಮತ್ತು ಕಪ್ಲರುಗಳನ್ನು ಹಳದಿ ಬಣ್ಣದಿಂದ ಗುರುತಿಸುವುದು ವಾಡಿಕೆ. ಹಳದಿ ಕಪ್ಲರಿಗೆ ಟೆಸ್ಟ್ ಲ್ಯಾಂಪನ್ನಾಗಲಿ ಓಮ್ ಅಳತೆಯಲ್ಲಿಟ್ಟ ಮಲ್ಟಿಮೀಟರನ್ನಾಗಲಿ ಎಂದಿಗೂ ತಾಕಿಸಬಾರದು. ಅವುಗಳಿಂದ ಹರಿಯುವ ವಿದ್ಯುತ್ತು ಏರ್‌ಬ್ಯಾಗನ್ನು ಸಿಡಿಸಿ, ಸೀಟಿನ ಮೇಲೆ ಬಾಗಿ ಕೆಲಸ ಮಾಡುತ್ತಿರುವವರಿಗೆ ತೀವ್ರವಾದ ಗಾಯ ಉಂಟುಮಾಡಬಹುದು.

ಸೀಟನ್ನು ಬಿಚ್ಚುವುದಕ್ಕೆ ಅಥವಾ ಕಪ್ಲರುಗಳನ್ನು ಕಳಚುವುದಕ್ಕೆ ಮೊದಲು ಕೀಲಿ ತೆಗೆದು, ಬ್ಯಾಟರಿಯ ಮೈನಸ್ ತಂತಿ ಕಳಚಿ, ಏರ್‌ಬ್ಯಾಗ್ ಘಟಕದಲ್ಲಿ ಶೇಖರವಾಗಿರುವ ವಿದ್ಯುತ್ತು ಖಾಲಿಯಾಗುವವರೆಗೆ ಕಾಯಬೇಕು. ಟೊಯೊಟಾ ಕಾರುಗಳಿಗೆ ಈ ಅವಧಿ ಕನಿಷ್ಠ 90 ಸೆಕೆಂಡು. ಕೆಲವು ತಯಾರಕರು ಹಲವು ನಿಮಿಷಗಳನ್ನು ಹೇಳುವುದರಿಂದ ಆಯಾ ಕಾರಿನ ಕೈಪಿಡಿಯನ್ನು ನೋಡಬೇಕು. ಕಪ್ಲರುಗಳು ಕಳಚಿರುವಾಗ ಕೀಲಿ ತಿರುಗಿಸಿದರೆ ಏರ್‌ಬ್ಯಾಗ್ ಎಚ್ಚರಿಕೆ ದೀಪ ಹತ್ತಿ, ದೋಷದ ಸಂಕೇತ ಘಟಕದಲ್ಲಿ ದಾಖಲಾಗುತ್ತದೆ. ಅದನ್ನು ಅಳಿಸಲು ಸ್ಕ್ಯಾನರ್ ಬೇಕಾಗಬಹುದು. ಚಲಿಸುತ್ತಿರುವ ಹಳಿಯ ನಡುವೆ ಬೆರಳು ಸಿಕ್ಕಿದರೆ ವರ್ಮ್ ಗಿಯರಿನ ಬಲಕ್ಕೆ ಮೂಳೆ ಮುರಿಯುವಷ್ಟು ಶಕ್ತಿಯಿದೆ ಎಂಬುದನ್ನೂ ಮರೆಯಬಾರದು.

ಲಕ್ಷಣದಿಂದ ದೋಷಕ್ಕೆ

ದೋಷ ಪತ್ತೆಯ ಮೊದಲ ಹಂತದಲ್ಲಿ ಯಾವ ಉಪಕರಣವೂ ಬೇಕಾಗುವುದಿಲ್ಲ. ಎಲ್ಲ ಸ್ವಿಚ್ಚುಗಳನ್ನೂ ಎರಡೂ ದಿಕ್ಕಿಗೆ ಒಂದೊಂದಾಗಿ ಒತ್ತಿ, ಯಾವ ಚಲನೆ ಇದೆ, ಯಾವುದು ಇಲ್ಲ, ಒತ್ತಿದಾಗ ಸದ್ದು ಬರುತ್ತದೆಯೇ, ಕಾರಿನ ಒಳದೀಪ ಮಂಕಾಗುತ್ತದೆಯೇ ಎಂಬುದನ್ನು ಬರೆದುಕೊಂಡರೆ, ಯಾವ ಭಾಗವನ್ನು ಬಿಚ್ಚಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ಯಾವ ಚಲನೆಯೂ ಇಲ್ಲದೆ ಸದ್ದೂ ಬರದಿದ್ದರೆ ದೋಷವು ಎಲ್ಲ ಮೋಟಾರುಗಳಿಗೂ ಸಮಾನವಾದ ಭಾಗದಲ್ಲಿ ಇರಬೇಕು. ಮೂರು ನಾಲ್ಕು ಮೋಟಾರುಗಳು ಒಂದೇ ದಿನ ಕೆಡುವುದು ತೀರ ಅಪರೂಪವಾದ್ದರಿಂದ ಬ್ಯಾಟರಿ, ಫ್ಯೂಸು, ಸೀಟಿನ ಕೆಳಗಿನ ಕಪ್ಲರು, ಅರ್ತ್ ಬೋಲ್ಟು, ಸ್ವಿಚ್ಚಿಗೆ ಬರುವ ಮುಖ್ಯ ತಂತಿ ಇವನ್ನು ಈ ಕ್ರಮದಲ್ಲೇ ನೋಡಬೇಕು. ವಿಶ್ರಾಂತಿಯಲ್ಲಿರುವ, ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5 ವೋಲ್ಟಿನವರೆಗೆ ಇರುತ್ತದೆ.

ಒಂದು ಚಲನೆ ಮಾತ್ರ ಎರಡೂ ದಿಕ್ಕಿಗೆ ನಿಂತು ಉಳಿದವು ಸರಿಯಾಗಿದ್ದರೆ, ಮುಖ್ಯ ಫ್ಯೂಸನ್ನೂ ಅರ್ತನ್ನೂ ಅನುಮಾನಿಸುವ ಅಗತ್ಯ ಬಹುಮಟ್ಟಿಗೆ ಇಲ್ಲ. ಆ ಚಲನೆಯ ಮೋಟಾರು, ಅದರ ಎರಡು ತಂತಿಗಳು ಅಥವಾ ಸ್ವಿಚ್ಚಿನ ಆ ಭಾಗ ಕೆಟ್ಟಿರುತ್ತದೆ. ಮೋಟಾರಿನ ಕಪ್ಲರನ್ನು ಕಳಚದೆಯೇ ಅದರಲ್ಲಿ ಮೀಟರ್ ಇಟ್ಟು ಸ್ವಿಚ್ ಒತ್ತಿದಾಗ ಒಂದು ದಿಕ್ಕಿಗೆ ಪ್ಲಸ್ 12 ವೋಲ್ಟ್, ಇನ್ನೊಂದು ದಿಕ್ಕಿಗೆ ಮೈನಸ್ 12 ವೋಲ್ಟ್ ಬಂದೂ ಮೋಟಾರು ತಿರುಗದಿದ್ದರೆ ಮೋಟಾರು ಅಥವಾ ಅದರ ಗಿಯರು ಕೆಟ್ಟಿದೆ. ವೋಲ್ಟೇಜೇ ಬರದಿದ್ದರೆ ಸ್ವಿಚ್ಚಿನ ಕಡೆಗೆ ಹುಡುಕಬೇಕು.

ಸೀಟು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂಬ ದೂರು ಇನ್ನೂ ಸ್ಪಷ್ಟವಾದ ಸುಳಿವನ್ನು ಕೊಡುತ್ತದೆ. ಎರಡೂ ದಿಕ್ಕಿಗೆ ಅದೇ ಮೋಟಾರು, ಅದೇ ಜೋಡಿ ತಂತಿ ದುಡಿಯುವುದರಿಂದ, ಒಂದು ದಿಕ್ಕು ಸರಿಯಾಗಿದೆಯೆಂದರೆ ಅವೆರಡೂ ಸರಿಯಾಗಿವೆ ಎಂದೇ ಅರ್ಥ. ಉಳಿಯುವುದು ಸ್ವಿಚ್ಚಿನೊಳಗಿನ ಸವೆದ ಅಥವಾ ಕರಕಾದ ಕಾಂಟ್ಯಾಕ್ಟು. ಅದೂ ಅಲ್ಲವಾದರೆ ಹಳಿಯಲ್ಲಿ ಸಿಕ್ಕಿಕೊಂಡ ಯಾವುದೋ ವಸ್ತು. ಇಂಥ ಕಾರಿನಲ್ಲಿ ಮೋಟಾರನ್ನು ಬದಲಿಸಿದರೆ ಖರ್ಚು ಆಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ.

ಮೋಟಾರಿನ ಸದ್ದು ಕೇಳಿಬಂದರೂ ಸೀಟು ಅಲುಗದಿದ್ದರೆ ಅದು ವಿದ್ಯುತ್ತಿನ ದೋಷವಲ್ಲ. ಗಿಯರಿನ ಹಲ್ಲು ಸವೆದಿರುವುದು ಅಥವಾ ಮೋಟಾರಿನಿಂದ ಹಳಿಗೆ ತಿರುಗುಬಲವನ್ನು ಒಯ್ಯುವ ಬಳುಕು ಕೇಬಲ್ ತುಂಡಾಗಿರುವುದು ಅದಕ್ಕೆ ಕಾರಣ. ಸೀಟಿನ ಒಂದು ಪಕ್ಕ ಮಾತ್ರ ಸರಿದು ಇನ್ನೊಂದು ಪಕ್ಕ ನಿಂತು, ಆಸನ ಸೊಟ್ಟಗಾದರೆ ಒಂದು ಬದಿಯ ಕೇಬಲ್ ಹೋಗಿದೆ ಎಂದು ತಿಳಿಯಬೇಕು. ಸೀಟು ಒಂದು ನಿರ್ದಿಷ್ಟ ಸ್ಥಾನಕ್ಕೆ ಬಂದಾಗ ಮಾತ್ರ ನಿಂತು, ಅಲುಗಾಡಿಸಿದರೆ ಮತ್ತೆ ಹೊರಟರೆ, ಸೀಟಿನೊಂದಿಗೆ ಚಲಿಸುವ ಹಾರ್ನೆಸ್ಸಿನಲ್ಲಿ ಹೊದಿಕೆಯೊಳಗೇ ತಂತಿ ಕಡಿದಿರುವ ಸಂಭವ ಹೆಚ್ಚು.

ಫ್ಯೂಸು ಹಾಕಿದಷ್ಟು ಸಲವೂ ಹೋಗುತ್ತಿದ್ದರೆ ಅದು ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಸ್ವಿಚ್ ಮುಟ್ಟುವ ಮೊದಲೇ ಹೋದರೆ ಫ್ಯೂಸಿನಿಂದ ಸ್ವಿಚ್ಚಿನವರೆಗಿನ ಪ್ಲಸ್ ತಂತಿ ಎಲ್ಲೋ ಲೋಹದ ಮೈಗೆ ತಾಗಿ ಶಾರ್ಟ್ ಆಗಿದೆ. ಒಂದು ಚಲನೆಯ ಸ್ವಿಚ್ಚನ್ನು ಒತ್ತಿದಾಗ ಮಾತ್ರ ಹೋದರೆ ಆ ಮೋಟಾರಿನ ತಂತಿ ಶಾರ್ಟ್ ಆಗಿದೆ ಅಥವಾ ಮೋಟಾರು ಜಾಮ್ ಆಗಿದೆ. ತಿರುಗಲಾಗದೆ ನಿಂತ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. 20 ಆಂಪಿಯರಿನ ಫ್ಯೂಸ್ ಹೋಗುತ್ತಿದೆಯೆಂದು 30 ಆಂಪಿಯರಿನದನ್ನು ಹಾಕುವ ಅಥವಾ ತಂತಿಯ ಎಳೆ ಸುತ್ತುವ ರೂಢಿ ಬಹಳ ಅಪಾಯಕಾರಿ. ಫ್ಯೂಸಿನ ಬೆಲೆ ಕೆಲವೇ ರೂಪಾಯಿ, ಅದು ಕಾಯುತ್ತಿರುವ ತಂತಿ ಕಾದು ಹೊತ್ತಿಕೊಳ್ಳುವುದು ಕಾರ್ಪೆಟ್ಟು ಮತ್ತು ಫೋಮಿನ ನಡುವೆ.

ಹೊರೆಯ ಮೇಲಿನ ಅಳತೆ

ಸೀಟು ನಿಧಾನವಾಗಿ, ತೆವಳುವಂತೆ ಸರಿಯುವುದು ಮತ್ತು ಒಮ್ಮೆ ಸರಿದು ಇನ್ನೊಮ್ಮೆ ಸರಿಯದಿರುವುದು ಪತ್ತೆಗೆ ಕಷ್ಟಕರವಾದ ದೂರುಗಳು. ಕಪ್ಲರಿನಲ್ಲಿ ಮೀಟರ್ ಇಟ್ಟು ನೋಡಿದರೆ 12.6 ವೋಲ್ಟ್ ಪೂರ್ತಿ ಕಾಣಿಸುತ್ತದೆ, ಮೋಟಾರು ಜೋಡಿಸಿದರೆ ಓಡುವುದಿಲ್ಲ. ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ ಹತ್ತು ಮೆಗಾಓಮ್ ಇರುವುದರಿಂದ ಅದು ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಹತ್ತೆಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ವೋಲ್ಟೇಜು ಸಂಪೂರ್ಣವಾಗಿ ಮುಟ್ಟುತ್ತದೆ. ಆದ್ದರಿಂದ ಅಳತೆಯನ್ನು ಮೋಟಾರು ಓಡಲು ಯತ್ನಿಸುತ್ತಿರುವಾಗ, ಅಂದರೆ ಹೊರೆಯ ಮೇಲೆ, ಮಾಡಬೇಕು.

ಅದರ ವಿಧಾನ ಸರಳ. ಕಾರ್ಪೆಟ್ಟಿನ ಅಂಚು ಎತ್ತಿ ಅರ್ತ್ ಬೋಲ್ಟನ್ನು ಕಂಡುಕೊಂಡು, ಮೀಟರಿನ ಕೆಂಪು ಮೊನೆಯನ್ನು ಸ್ವಿಚ್ಚಿನ ಅರ್ತ್ ತಂತಿಯ ಮೇಲೂ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ತುದಿಗೆ ಕೂಡಿದ ಉದ್ದನೆಯ ತಂತಿಯ ಮೇಲೂ ಇಟ್ಟು, ಒಬ್ಬರು ಸ್ವಿಚ್ಚನ್ನು ಒತ್ತಿ ಹಿಡಿಯಬೇಕು. ಸುಸ್ಥಿತಿಯಲ್ಲಿರುವ ಅರ್ತಿನಲ್ಲಿ ಮೀಟರು 0.2 ವೋಲ್ಟಿಗಿಂತ ಕಡಿಮೆ ತೋರಿಸುತ್ತದೆ. ಪ್ಲಸ್ ಕಡೆಯಲ್ಲಿ ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಸುಮಾರು 0.5 ವೋಲ್ಟಿನವರೆಗಿನ ಇಳಿತವನ್ನು ಒಪ್ಪಬಹುದು. ಇದಕ್ಕಿಂತ ಹೆಚ್ಚಿದ್ದರೆ ಆ ದಾರಿಯಲ್ಲಿ ಎಲ್ಲೋ ರೋಧವಿದೆ. ಬೋಲ್ಟಿನ ಕೆಳಗಿನ ತುಕ್ಕಿನಿಂದ ಕೇವಲ 0.3 ಓಮ್ ರೋಧ ಉಂಟಾಗಿದೆ ಎಂದುಕೊಂಡರೂ, 10 ಆಂಪಿಯರ್ ಹರಿಯುವಾಗ ಅಲ್ಲಿ 3 ವೋಲ್ಟ್ ನಷ್ಟವಾಗುತ್ತದೆ, 30 ವ್ಯಾಟ್ ಶಾಖ ಹುಟ್ಟುತ್ತದೆ, ಮೋಟಾರಿಗೆ 9 ವೋಲ್ಟಿನ ಆಸುಪಾಸು ಮಾತ್ರ ಉಳಿಯುತ್ತದೆ. ಬೋಲ್ಟನ್ನು ಬಿಚ್ಚಿ, ಮೇಲ್ಮೈಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು ಗ್ರೀಸ್ ಸವರಿದರೆ ಮೋಟಾರನ್ನು ಮುಟ್ಟದೆಯೇ ಸೀಟು ಮೊದಲಿನ ವೇಗಕ್ಕೆ ಬರುತ್ತದೆ.

ಮೀಟರು ಕೈಯಲ್ಲಿಲ್ಲದಾಗ ಇಂಡಿಕೇಟರಿಗೆ ಬಳಸುವ 21 ವ್ಯಾಟಿನ ಬಲ್ಬಿನಿಂದ ಮಾಡಿದ ಟೆಸ್ಟ್ ಲ್ಯಾಂಪು ಚೆನ್ನಾಗಿ ನೆರವಾಗುತ್ತದೆ. ಅದು ಸುಮಾರು 1.75 ಆಂಪಿಯರ್ ಎಳೆಯುವುದರಿಂದ ತಂತಿ ತೀರ ದುರ್ಬಲವಾಗಿದ್ದರೆ ಬೆಳಕು ಮಂಕಾಗಿ ತೋರುತ್ತದೆ. ಇದನ್ನು ಮೋಟಾರಿನ ದಪ್ಪ ತಂತಿಗಳಿಗೆ ಮಾತ್ರ ಬಳಸಬೇಕು; ಸಂವೇದಕದ ತೆಳು ತಂತಿಗಳಿಗೂ ಎಲೆಕ್ಟ್ರಾನಿಕ್ ಘಟಕಕ್ಕೂ ತಾಕಿಸಿದರೆ ಅವು ಸುಟ್ಟುಹೋಗಬಹುದು.

ಮುತ್ತತ್ತಿಯ ದಾರಿಯ ಕಾರುಗಳು

ಮುತ್ತತ್ತಿಯು ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ ಇದೆ. ಇಲ್ಲಿನ ಆಂಜನೇಯನನ್ನು ಮುತ್ತತ್ತಿರಾಯನೆಂದು ನಡೆದುಕೊಳ್ಳುವ ಒಕ್ಕಲುಗಳು ಮಂಡ್ಯ, ಮದ್ದೂರು, ಮಳವಳ್ಳಿ, ಕನಕಪುರ ಸೀಮೆಗಳಲ್ಲಿ ಬಹಳ. ಹರಕೆ ತೀರಿಸಿ, ನದಿಯ ದಡದಲ್ಲಿ ಅಡುಗೆ ಮಾಡಿ ಪರ, ಅಂದರೆ ಹರಕೆಯ ಊಟ, ನಡೆಸುವ ಕುಟುಂಬಗಳು ಪಾತ್ರೆ ಪಡಗ, ನೀರಿನ ಕ್ಯಾನು, ದಿನಸಿಯನ್ನು ಕಾರಿನಲ್ಲೇ ತುಂಬಿಕೊಂಡು ಬರುತ್ತವೆ. ಸುಳಿಗಳಿರುವ ಈ ಭಾಗದಲ್ಲಿ ನದಿಗೆ ಇಳಿಯುವುದು ಪ್ರಾಣಾಪಾಯಕಾರಿ; ದಡದಲ್ಲೇ ಮಿಂದು ಬಂದರೂ ಒದ್ದೆ ಬಟ್ಟೆಯಲ್ಲಿ ಕಾರು ಹತ್ತುವುದು ಸೀಟಿನ ವಿದ್ಯುತ್ ಜೋಡಣೆಗಳಿಗೆ ಹಾನಿಕರ.

ಒದ್ದೆ ಬಟ್ಟೆಯಿಂದ ಇಳಿದ ನೀರು ಹೊದಿಕೆ ಮತ್ತು ಫೋಮಿನ ಮೂಲಕ ಜಿನುಗಿ, ಸೀಟಿನ ಪಕ್ಕದ ಸ್ವಿಚ್ಚಿಗೂ ಕೆಳಗಿನ ಕಪ್ಲರಿಗೂ ಸೇರುತ್ತದೆ. ಯಾವಾಗಲೂ ವಿದ್ಯುತ್ತಿರುವ ಪ್ಲಸ್ ಪಿನ್ನಿಗೂ ಪಕ್ಕದ ಅರ್ತ್ ಪಿನ್ನಿಗೂ ನಡುವೆ ತೇವದ ಪೊರೆ ಕೂಡಿಕೊಂಡಾಗ ವಿದ್ಯುದ್ವಿಭಜನೆ ನಡೆದು, ಪ್ಲಸ್ ಪಿನ್ನಿನ ಲೋಹ ಕರಗುತ್ತಾ ಹೋಗುತ್ತದೆ. ತಿಂಗಳುಗಳ ಬಳಿಕ ಕಪ್ಲರನ್ನು ಬಿಚ್ಚಿದರೆ ಉಳಿದ ಪಿನ್ನುಗಳು ಹೊಳೆಯುತ್ತಿದ್ದು, ಪ್ಲಸ್ ಪಿನ್ನಿನ ಸುತ್ತ ಮಾತ್ರ ಹಸಿರು ಕಿಲುಬು ಕಟ್ಟಿ, ಪಿನ್ನು ಸೂಜಿಯಷ್ಟು ಸಣ್ಣಗಾಗಿರುವುದು ಕಾಣುತ್ತದೆ. ಪ್ರವಾಸಕ್ಕೂ ದೋಷಕ್ಕೂ ನಡುವೆ ಇಷ್ಟು ಅಂತರವಿರುವುದರಿಂದ ಮಾಲೀಕರಿಗೆ ಅವೆರಡರ ಸಂಬಂಧ ಹೊಳೆಯುವುದಿಲ್ಲ. ಸಾರು, ಮಜ್ಜಿಗೆ, ಎಳನೀರು ಚೆಲ್ಲಿದರೆ ಅವುಗಳಲ್ಲಿನ ಉಪ್ಪು ಮತ್ತು ಆಮ್ಲಗಳಿಂದ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ.

ಕಾಡುದಾರಿಯ ಧೂಳು ಎರಡನೆಯ ಕಾರಣ. ಹಳಿಯ ಗ್ರೀಸಿಗೆ ಧೂಳು ಬೆರೆತು ಗಟ್ಟಿಯಾದಾಗ ಸೀಟನ್ನು ಸರಿಸಲು ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯಬೇಕಾಗಿ, ಸರ್ಕ್ಯೂಟ್ ಬ್ರೇಕರ್ ನಡುವೆ ಕಡಿದು, ಕೆಲವು ನಿಮಿಷದ ಬಳಿಕ ತಾನೇ ಕೂಡಿಕೊಳ್ಳುತ್ತದೆ. ಸೀಟು ಅರ್ಧಕ್ಕೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಡುತ್ತದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಕೊಳೆ. ಮೂರನೆಯದು ಸೀಟಿನಡಿ ಉರುಳಿ ಹೋಗುವ ನೀರಿನ ಬಾಟಲು, ಚಾರ್ಜರಿನ ತಂತಿ, ಮಕ್ಕಳ ಆಟಿಕೆ ಮುಂತಾದ ವಸ್ತುಗಳು. ಸೀಟು ಹಿಂದಕ್ಕೆ ಸರಿಯುವಾಗ ಇವು ಹಾರ್ನೆಸ್ಸನ್ನು ಎಳೆದು ಕಡಿಯುತ್ತವೆ. ಚೆಲ್ಲಿದ ತಿನಿಸಿಗೆ ಬರುವ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುವುದು ನಾಲ್ಕನೆಯ ಕಾರಣ.

ಇಂತಹ ಸ್ಥಳದಲ್ಲಿ ಸೀಟು ನಿಂತರೆ ತೊಂದರೆ ಕೇವಲ ಅನುಕೂಲದ್ದಲ್ಲ. ಎತ್ತರದ ಚಾಲಕರು ಹಿಂದಕ್ಕೆ ಸರಿಸಿಟ್ಟ ಸೀಟು ಅಲ್ಲೇ ನಿಂತುಹೋದರೆ, ಗಿಡ್ಡನೆಯ ಚಾಲಕರಿಗೆ ಬ್ರೇಕ್ ಪೆಡಲು ಪೂರ್ತಿ ಎಟುಕುವುದಿಲ್ಲ. ಆ ಸ್ಥಿತಿಯಲ್ಲಿ ತಿರುವುಗಳ ಕಾಡುದಾರಿಯಲ್ಲಿ ಕಾರು ಓಡಿಸಲೇಬಾರದು. ಮೊದಲು ಸೀಟಿನಡಿ ಏನಾದರೂ ಸಿಕ್ಕಿದೆಯೇ ನೋಡಿ, ಬಳಿಕ ಕೈಪಿಡಿಯಲ್ಲಿ ತೋರಿಸಿರುವ ಫ್ಯೂಸನ್ನು ಪರೀಕ್ಷಿಸಿ, ಅದು ಹೋಗಿದ್ದರೆ ಅಷ್ಟೇ ಆಂಪಿಯರಿನ ಬಿಡಿ ಫ್ಯೂಸನ್ನು ಒಮ್ಮೆ ಮಾತ್ರ ಹಾಕಿ ನೋಡಬಹುದು. ಆಗಲೂ ಸರಿಯದಿದ್ದರೆ ಆ ಸ್ಥಾನಕ್ಕೆ ಹೊಂದುವ ಇನ್ನೊಬ್ಬರು ಹಲಗೂರು, ಮಳವಳ್ಳಿ ಅಥವಾ ಕನಕಪುರದವರೆಗೆ ಕಾರನ್ನು ಒಯ್ಯುವುದೇ ಸುರಕ್ಷಿತ ಮಾರ್ಗ.

ಪ್ರವಾಹದ ನೀರು

ತೇವದ ತೊಂದರೆ ಮುಳುಗಡೆಯಲ್ಲಿ ನೂರ್ಮಡಿಯಾಗುತ್ತದೆ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿ ಜಲಾವೃತವಾಗಿ ವಾಹನಗಳು ನೀರಿನಲ್ಲಿ ಸಿಲುಕಿದವು. ಮುಂದಿನ ವಾರವೇ, ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಸೀಟಿನ ಮಟ್ಟಕ್ಕೂ ಮೀರಿ ಮುಳುಗಿದವು. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಹೆಚ್ಚು ನೀರು ಬಿಟ್ಟಾಗ ಮುತ್ತತ್ತಿಯ ದಡದಲ್ಲೂ ನದಿಯ ಮಟ್ಟ ಏರುವುದರಿಂದ ಅಂಥ ದಿನಗಳಲ್ಲಿ ನದಿಯ ಅಂಚಿನಲ್ಲಿ ಕಾರು ನಿಲ್ಲಿಸಬಾರದು.

ನೀರು ಸೀಟಿನ ಹಳಿಯನ್ನು ಮುಟ್ಟಿದ ಕಾರಿನಲ್ಲಿ ಸ್ವಿಚ್ ಒತ್ತಿ ನೋಡುವುದೇ ಮೊದಲ ತಪ್ಪು. ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ, ಸೀಟನ್ನು ಹೊರತೆಗೆದು, ಕಪ್ಲರುಗಳನ್ನು ಶುದ್ಧ ನೀರಿನಿಂದ ಕೆಸರು ಹೋಗುವಂತೆ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಂಪೂರ್ಣ ಒಣಗಿದ ಬಳಿಕವಷ್ಟೇ ವಿದ್ಯುತ್ತು ಕೊಡಬೇಕು. ಮೋಟಾರಿನೊಳಗೆ ಕೆಸರು ಸೇರಿದ್ದರೆ ಕಾರ್ಬನ್ನೂ ಬೇರಿಂಗೂ ಬಹುಕಾಲ ಬಾಳುವುದಿಲ್ಲ. ನೀರಿನಲ್ಲಿ ನೆನೆದ ಏರ್‌ಬ್ಯಾಗ್ ಘಟಕವನ್ನು ಒಣಗಿಸಿ ಮತ್ತೆ ಬಳಸಬಾರದು, ಅದನ್ನು ಬದಲಿಸಲೇಬೇಕು.

ನೆನಪಿನ ಸೀಟು

ಸ್ಥಾನವನ್ನು ನೆನಪಿಟ್ಟುಕೊಳ್ಳುವ ಸೀಟುಗಳಲ್ಲಿ ಸ್ವಿಚ್ಚು ಮೋಟಾರಿಗೆ ನೇರವಾಗಿ ವಿದ್ಯುತ್ತು ಕೊಡದೆ, ಸೀಟಿನಡಿಯ ಎಲೆಕ್ಟ್ರಾನಿಕ್ ಘಟಕಕ್ಕೆ ಆದೇಶ ಕಳುಹಿಸುತ್ತದೆ. ಮೋಟಾರಿನ ಪ್ರತಿ ಸುತ್ತನ್ನೂ ಹಾಲ್ ಸಂವೇದಕ, ಅಂದರೆ ತಿರುಗುವ ಕಾಂತದ ಪ್ರಭಾವದಿಂದ ಮಿಡಿತಗಳನ್ನು ಹುಟ್ಟಿಸುವ ಸಣ್ಣ ಸಾಧನವು, ಎಣಿಸುತ್ತದೆ. ಆ ಎಣಿಕೆಯಿಂದ ಸೀಟು ಎಲ್ಲಿದೆ ಎಂಬುದು ಘಟಕಕ್ಕೆ ತಿಳಿಯುತ್ತದೆ. ಸ್ವಿಚ್ ಒತ್ತಿದಾಗ ಸೀಟು ಸ್ವಲ್ಪವೇ ಸರಿದು ನಿಂತು, ಮತ್ತೆ ಒತ್ತಿದಾಗ ಇನ್ನಷ್ಟು ಸರಿದು ನಿಂತರೆ ಸಂವೇದಕದ ಮಿಡಿತ ಘಟಕಕ್ಕೆ ತಲಪುತ್ತಿಲ್ಲವೆಂದು ಅನುಮಾನಿಸಬೇಕು. ಬ್ಯಾಟರಿ ಬದಲಿಸಿದ ಮೇಲೆ ನೆನಪು ಅಳಿದಿದ್ದರೆ ಅದು ದೋಷವಲ್ಲ. ಕೈಪಿಡಿಯ ಪ್ರಕಾರ ಸ್ಥಾನಗಳನ್ನು ಮತ್ತೆ ದಾಖಲಿಸಬೇಕು, ಕೆಲವು ಮಾದರಿಗಳಲ್ಲಿ ಸೀಟನ್ನು ಎರಡೂ ಕೊನೆಗಳವರೆಗೆ ಓಡಿಸಿ ಎಣಿಕೆಯನ್ನು ಹೊಸದಾಗಿ ಕಲಿಸಬೇಕು.

ಘಟಕವು ನಿದ್ರಾಸ್ಥಿತಿಗೆ ಹೋಗದೆ ಎಚ್ಚರವಾಗಿಯೇ ಉಳಿದರೆ ಕಾರು ನಿಂತಿರುವಾಗಲೇ ಬ್ಯಾಟರಿ ಇಳಿಯುತ್ತದೆ. ಬೀಗ ಹಾಕಿದ ಕಾರು ಎಳೆಯುವ ವಿದ್ಯುತ್ತು ಸಾಮಾನ್ಯವಾಗಿ 50 ಮಿಲಿಆಂಪಿಯರಿನೊಳಗೆ ಇರಬೇಕು. ಅದು ಅರ್ಧ ಆಂಪಿಯರ್ ಆದರೆ ದಿನಕ್ಕೆ 12 ಆಂಪಿಯರ್-ಗಂಟೆ ವ್ಯಯವಾಗಿ, 45 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನದೊಳಗೆ ಬರಿದಾಗುತ್ತದೆ. ಸೀಟಿನ ಫ್ಯೂಸನ್ನು ತೆಗೆದಾಗ ಈ ಅಳತೆ ಇಳಿದರೆ ಕಾರಣ ಸೀಟಿನ ಮಂಡಲದಲ್ಲೇ ಇದೆ.

ದುರಸ್ತಿ

ಹಿಂದೆಯೂ ಮುಂದೆಯೂ ಸರಿಯದ ಸೀಟನ್ನು ಬಿಚ್ಚುವುದೇ ಒಂದು ಸಮಸ್ಯೆ. ಸೀಟನ್ನು ನೆಲಕ್ಕೆ ಬಿಗಿದ ನಾಲ್ಕು ಬೋಲ್ಟುಗಳಲ್ಲಿ ಎರಡು ಸೀಟು ಹಿಂದಕ್ಕೆ ಸರಿದಾಗಲೂ ಇನ್ನೆರಡು ಮುಂದಕ್ಕೆ ಸರಿದಾಗಲೂ ಮಾತ್ರ ಎಟುಕುತ್ತವೆ. ಆಗ ಸರಿತದ ಮೋಟಾರಿನ ಕಪ್ಲರನ್ನು ಕಳಚಿ, ಅದರ ಎರಡು ದಪ್ಪ ತಂತಿಗಳಿಗೆ ಫ್ಯೂಸ್ ಇರುವ ಪ್ರತ್ಯೇಕ 12 ವೋಲ್ಟಿನ ತಂತಿಯಿಂದ ವಿದ್ಯುತ್ತು ಕೊಟ್ಟರೆ ಸೀಟು ಸರಿಯುತ್ತದೆ, ತಂತಿಗಳನ್ನು ಅದಲುಬದಲು ಮಾಡಿದರೆ ಹಿಂದಿರುಗುತ್ತದೆ. ಮೋಟಾರು ಸರಿಯಾಗಿದೆಯೇ ಎಂಬ ಪ್ರಶ್ನೆಗೂ ಇದರಿಂದಲೇ ಖಚಿತವಾದ ಉತ್ತರ ದೊರೆಯುತ್ತದೆ.

ಕಡಿದ ತಂತಿಯನ್ನು ಬರಿದೆ ತಿರುಚಿ ಟೇಪು ಸುತ್ತಿದರೆ ಚಲಿಸುವ ಹಾರ್ನೆಸ್ಸಿನಲ್ಲಿ ಅದು ನಿಲ್ಲುವುದಿಲ್ಲ. ಅಷ್ಟೇ ದಪ್ಪದ ತಂತಿಯನ್ನು ಸ್ಲೀವ್ ಹಾಕಿ ಒತ್ತಿ ಕೂಡಿಸಿ, ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಿ, ಜೋಡಣೆ ಬಾಗುವ ಜಾಗಕ್ಕೆ ಬಾರದಂತೆ ಕಟ್ಟಬೇಕು. ಸ್ವಿಚ್ಚಿನ ಕಾಂಟ್ಯಾಕ್ಟುಗಳನ್ನು ಶುಚಿಗೊಳಿಸಬಹುದಾದರೂ ಸುಟ್ಟಿದ್ದರೆ ಬದಲಿಸುವುದೇ ಮೇಲು. ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಕಾರಿನ ಹೆಸರು ಸಾಲದು, ಹಳೆಯ ಭಾಗದ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರನ್ನೂ ಹೊಂದಿಸಿ ನೋಡಬೇಕು. ನೋಟಕ್ಕೆ ಒಂದೇ ಆಗಿರುವ ಎರಡು ಮೋಟಾರುಗಳಲ್ಲಿ ಒಂದಕ್ಕೆ ಹಾಲ್ ಸಂವೇದಕವಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಸೀಟನ್ನು ಮರಳಿ ಕೂರಿಸುವಾಗ ನಾಲ್ಕೂ ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು, ಏಕೆಂದರೆ ಅಪಘಾತದಲ್ಲಿ ಸೀಟನ್ನು ನೆಲಕ್ಕೆ ಹಿಡಿದಿಡುವುದು ಅವೇ.

ಪಾಲನೆ ಮತ್ತು ತರಬೇತಿ

ಈ ದೋಷಗಳಲ್ಲಿ ಹೆಚ್ಚಿನವನ್ನು ತಡೆಯುವುದು ಕಷ್ಟವಲ್ಲ. ನದಿ, ಜಲಪಾತಗಳಿಂದ ಹಿಂದಿರುಗುವಾಗ ಬಟ್ಟೆ ಬದಲಿಸಿಯೇ ಕಾರು ಹತ್ತಬೇಕು. ಸೀಟು ನೆನೆದಿದ್ದರೆ ಬಾಗಿಲು ತೆರೆದು ಬಿಸಿಲಿಗೆ ಒಣಗಿಸಬೇಕು. ಕಾರು ತೊಳೆಯುವವರು ಸೀಟಿನಡಿಗೆ ನೀರಿನ ಪೈಪು ಹಿಡಿಯದಂತೆ ನೋಡಿಕೊಂಡು, ಹಳಿಯ ಧೂಳನ್ನು ವ್ಯಾಕ್ಯೂಮಿನಿಂದ ತೆಗೆಸಿ, ವರ್ಷಕ್ಕೊಮ್ಮೆ ಹಳೆಯ ಗ್ರೀಸ್ ಒರೆಸಿ ಹೊಸದನ್ನು ಹಚ್ಚಿಸಬೇಕು. ಹೊರಗಿನಿಂದ ಹಾಕಿಸುವ ಬಿಗಿಯಾದ ಸೀಟ್ ಕವರು ಸ್ವಿಚ್ಚನ್ನು ಒತ್ತುವುದಷ್ಟೇ ಅಲ್ಲದೆ ಬದಿಯ ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಯನ್ನೂ ಮುಚ್ಚಬಹುದಾದ್ದರಿಂದ, ಆ ಭಾಗ ತೆರೆದಿರುವ ಕವರನ್ನೇ ಆರಿಸಬೇಕು.

ಕುಶಲಕರ್ಮಿಗಳ ಸಿದ್ಧತೆಯೂ ಇಷ್ಟೇ ಮುಖ್ಯ. ಐ.ಟಿ.ಐ.ಗಳ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವೃತ್ತಿಯಲ್ಲಿ ವಾಹನದ ವಿದ್ಯುತ್ ಮಂಡಲಗಳ ಪಾಠವಿದೆ; ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯು ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ವಾಹನ ತಯಾರಿಕೆಯ ಕೌಶಲಗಳನ್ನು ಕಲಿಸುತ್ತಿದೆ. ಆದರೆ ವೈರಿಂಗ್ ನಕ್ಷೆಗಳೂ ದುರಸ್ತಿ ಕೈಪಿಡಿಗಳೂ ಬಹುಪಾಲು ಇಂಗ್ಲಿಷಿನಲ್ಲೇ ಇರುವುದರಿಂದ, ಕೈಗೆಲಸದಲ್ಲಿ ನುರಿತಿದ್ದರೂ ಅವನ್ನು ಓದಲಾಗದ ಎಲೆಕ್ಟ್ರಿಷಿಯನ್‌ಗಳು ಊಹೆಯ ಮೇಲೆ ಮೋಟಾರು ಬದಲಿಸುವ ಇಕ್ಕಟ್ಟಿಗೆ ಸಿಲುಕುತ್ತಾರೆ. ತಂತಿಗಳ ಬಣ್ಣ, ಫ್ಯೂಸಿನ ಸ್ಥಾನ, ಅರ್ತ್ ಬೋಲ್ಟಿನ ಜಾಗ, ಹೊರೆಯ ಮೇಲಿನ ಅಳತೆಯ ಕ್ರಮ ಮತ್ತು ಏರ್‌ಬ್ಯಾಗಿನ ಎಚ್ಚರಿಕೆ ಇಷ್ಟನ್ನು ಕನ್ನಡದಲ್ಲಿ ತಿಳಿಸುವ ಕೈಪಿಡಿಗಳು ತಾಲ್ಲೂಕು ಮಟ್ಟದ ಗ್ಯಾರೇಜುಗಳಿಗೆ ದೊರೆತರೆ, ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಅರ್ಧ ದಿನದಲ್ಲಿ ಮುಗಿಯಬಹುದಾದ ಕೆಲಸಕ್ಕೆ ಕಾರನ್ನು ಬೆಂಗಳೂರಿಗೆ ಸಾಗಿಸುವ ಅಗತ್ಯ ಬಹುಮಟ್ಟಿಗೆ ಇಲ್ಲವಾಗುತ್ತದೆ.